ಇಳಿಜಾರಿನಲ್ಲಿ ಬ್ರೇಕ್ ತುಳಿಯದೆ

ಸೆಪ್ಟೆಂಬರ್ 14, ಬಫಲೋ, ವಯೋಮಿಂಗ್

ಕುದುರೆ ಲಾಳದ ಕಬ್ಬಿಣವನ್ನೆಲ್ಲ ಟ್ರೈಲರಿನ ಹಿಂಭಾಗಕ್ಕೆ ತುಂಬಬೇಡ ಎಂದು ಗಂಡ ಆರ್ವಿಲ್‌ಗೆ ಹೇಳಿದ್ದೆ. "ನಲವತ್ತು ವರ್ಷ ಎಳ್ದಿದೀನಿ ಕಣೇ, ನೀನು ಹೇಳ್ಕೊಡ್ತೀಯಾ?" ಎಂದ. ಅವನ ಕಣ್ಣು ಮಂಜಾದಮೇಲೆ ಪಿಕಪ್ ಓಡಿಸುವುದು ನಾನು; ಹಟ ಮಾತ್ರ ಅವನದೇ.

ಘಟ್ಟ ಇಳಿಯುವಾಗ ಹಿಂದಿನ ಭಾರಕ್ಕೆ ಟ್ರೈಲರ್ ಹಾವಿನಂತೆ ಬಾಲ ಬೀಸತೊಡಗಿತು. "ಬ್ರೇಕ್ ತುಳಿಯೇ, ಮಾರ್ಲಿಸ್!" ಎಂದು ಕಿರುಚಿದ. ತುಳಿದಿದ್ದರೆ ಅದು ನಮ್ಮನ್ನೇ ಕಣಿವೆಗೆ ತಳ್ಳುತ್ತಿತ್ತು. ಆಕ್ಸಿಲರೇಟರಿನಿಂದ ಕಾಲು ತೆಗೆದೆ, ಸ್ಟೀರಿಂಗನ್ನು ನೆಟ್ಟಗೆ ಹಿಡಿದೆ, ಸ್ಟೀರಿಂಗಿನ ಪಕ್ಕದ ಸನ್ನೆಯಿಂದ ಟ್ರೈಲರಿನ ಬ್ರೇಕನ್ನಷ್ಟೇ ಕೈಯಲ್ಲಿ ಒತ್ತಿದೆ. ಅದು ಮೆಲ್ಲಗೆ ದಾರಿಗೆ ಬಂತು.

ಕೆಳಗೆ ನಿಲ್ಲಿಸಿದಾಗ ಆರ್ವಿಲ್ ತಾನೇ ಇಳಿದು ಕಬ್ಬಿಣವನ್ನು ಮುಂಭಾಗಕ್ಕೆ ಹೊತ್ತು ಹಾಕಿದ. "ಇನ್ನೇನು ಮುಂದಕ್ಕೆ ಹಾಕ್ಲಿ? ಹೇಳು" ಎಂದ. ಹೇಳುತ್ತ ಹೋದೆ. ಒಂದು ಮಾತಿಗೂ ಎದುರಾಡಲಿಲ್ಲ.

ಇಳಿಜಾರಿನಲ್ಲಿ ಅಷ್ಟು ಹೆದರಿರಲಿಲ್ಲ. ಅವನು ಹಾಗೆ ಹಟ ಬಿಟ್ಟು ನನ್ನ ಮಾತು ಕೇಳಿದ್ದು ನೋಡಿ ಹೆದರಿದೆ: ಅವನಿಗೆ ನಿಜಕ್ಕೂ ವಯಸ್ಸಾಯಿತು.