ಮಾಳಿಗೆಯ ದಾಸವಾಳ

೧೪ ಮಾರ್ಚ್ ೨೦೦೧, ಬುಧವಾರ. ಸಪ್ತಾಪುರ.

ಕೊನೆಗೂ ಗಾಳಿ ಸೋರಲಿಲ್ಲ! ಬೆಂಗೇರಿಯ ಲೇಥ್‌ನವರು ಮುಚ್ಚಳಕ್ಕೆ ಹೊಸ ರಬ್ಬರ್ ಕೂರಿಸಿಕೊಟ್ಟಿದ್ದು ಸಾರ್ಥಕವಾಯಿತು. ಇನ್ನು ಗಿಡದ ಬಾಯಾರಿಕೆ ಅಳೆಯುವ ನನ್ನ ಈ ಕಬ್ಬಿಣದ ಡಬ್ಬಿಯನ್ನು ಸ್ಕೂಟರಿನ ಮೇಲಿಟ್ಟುಕೊಂಡು ಯಾವ ಹೊಲಕ್ಕಾದರೂ ಹೋಗಬಹುದು. ಎಲೆಯನ್ನು ಒಳಗಿಟ್ಟು, ತೊಟ್ಟಿನ ತುದಿಯನ್ನಷ್ಟೇ ಹೊರಗೆ ಬಿಟ್ಟು, ಸೈಕಲ್ ಪಂಪಿನಿಂದ ಗಾಳಿ ತುಂಬಬೇಕು. ಗಿಡ ಬಾಯಾರಿದಷ್ಟೂ ತೊಟ್ಟಿನಲ್ಲಿ ನೀರು ಜಿನುಗಲು ಹೆಚ್ಚು ಗಾಳಿ ಬೇಕು.

ಸಂಜೆ ಪಂಪು ಹೊಡೆದವರು ನಮ್ಮ ಯಜಮಾನರು. ಬಚ್ಚಲ ನೀರು ಕುಡಿದು ಬೆಳೆದ ಹಿತ್ತಲ ದಾಸವಾಳ ಬೇಗನೆ ಹನಿ ಕೊಟ್ಟಿತು. ಆಮೇಲೆ ಮಾಳಿಗೆಯ ಕುಂಡದ್ದು. ನಾನು ತವರಿಗೆ ಹೋಗಿದ್ದಾಗ ಅದಕ್ಕೆ ದಿನಾ ನೀರು ಹಾಕಿದ್ದೇನೆಂದು ಇವರು ಆಣೆ ಮಾಡಿದ್ದರು. ಎಲೆಯೇನೋ ಹಸಿರಾಗಿಯೇ ಇತ್ತು. ಹೊಡೆದರು, ಹೊಡೆದರು, ಅಂಗಿ ತೊಯ್ದಿತೇ ಹೊರತು ತೊಟ್ಟು ತೊಯ್ಯಲಿಲ್ಲ.

“ನಿನ್ನ ಡಬ್ಬಿ ಮತ್ತ ಸೋರಾಕತ್ತೈತಿ,” ಎಂದರು.

ಬಾಗಿಲಲ್ಲಿ ನಿಂತಿದ್ದ ಅತ್ತೆ, ತಮ್ಮ ಮಗನಿಗೆ, “ಡಬ್ಬಿ ಛಲೋ ಐತಿ. ನೀ ಮಾಳಗಿ ಹತ್ತಿದ್ದನ್ನ ನಾ ಅಂತೂ ನೋಡಿಲ್ಲ. ಹೊಡಿ ಇನ್ನಷ್ಟು,” ಎಂದರು.

ಡಬ್ಬಿಗೆ ಕೂರಿಸಿದ ಗಾಳಿ ಮೀಟರಿನ ಮುಳ್ಳು ಹಿತ್ತಲ ಗಿಡಕ್ಕೆ ಬೇಕಾದದ್ದರ ಎರಡರಷ್ಟು ದಾಟಿದ ಮೇಲೆ ಹನಿ ಮೂಡಿತು. ಅದರ ಹಿಂದೆಯೇ ಇವರ ಬಾಯಿಂದ, “ಒಂದೆರಡು ದಿನ ಮರತಿದ್ನೇನೋ…”

ನನಗೆ ಸಿಟ್ಟು ಬರಬೇಕಿತ್ತು. ಡಬ್ಬಿ ನಿಜ ಹೇಳಿತೆಂಬ ಖುಷಿಗೆ ಕುಣಿದುಬಿಟ್ಟೆ. ಮುಂದಿನ ವಾರ ಡಬ್ಬಿಯ ಪರೀಕ್ಷೆಗೆ, ಹೋಲಿಸಿ ನೋಡಲು, ನೀರೇ ಕಾಣದ ಗಿಡಗಳು ಬೇಕು. ಆ ಹೊಣೆ ವಹಿಸಿಕೊಡಲು ಇವರಷ್ಟು ನಂಬಿಕಸ್ಥರು ಧಾರವಾಡದಲ್ಲೇ ಇಲ್ಲ.