ಬುಡು ಅಂದ, ಬುಟ್ಟೆ

೯-೨-೧೯೮೩, ಬುಧವಾರ

‘ಸೇರಿದ ಎಲ್ಲರಿಗೂ ನನ್ನ ವಂದನೆಗಳು. ಕೆಲಸ ನಿಲ್ಲಿಸಿ ಬಂದಿದ್ದೀರಿ, ಅದನ್ನು ಮರೆಯಲಾರೆ. ಆದರೆ ನಿಮ್ಮ ಅನುಕಂಪವನ್ನು ನಾನು ಸ್ವೀಕರಿಸಲಾರೆ. ನನಗೆ ಬೇಕಾದದ್ದು ಕಾರಣ.’

ಇಷ್ಟು ಆಡಿ ಕುಳಿತೆ. ಕಿಬ್ಬನಹಳ್ಳಿಯ ನಾರಿನ ಮಿಲ್ಲಿನ ಅಂಗಳ. ಸಂತಾಪ ಸಭೆ. ಮಗ ಬಸವರಾಜುವಿನ ಫೋಟೋಕ್ಕೆ ಹಾರ. ಹಿಂದೆ ಅದೇ ಷೆಡ್ಡು, ಅದೇ ಯಂತ್ರ — ತೆಂಗಿನ ಮಟ್ಟೆಯನ್ನು ಮೊಳೆಗಳ ಡ್ರಮ್ಮಿಗೆ ಕೊಟ್ಟು ನಾರು ಬಿಡಿಸುವಂಥದು. ಕಳೆದ ವಾರ ಸಿಕ್ಕಿಕೊಂಡ ನಾರನ್ನು ಕೀಳಲು ನನ್ನ ಮಗ ಅದರೊಳಗೆ ಕೈಯಿಟ್ಟಿದ್ದ. ಸ್ಟಾರ್ಟರ್ ಬಳಿಯಿದ್ದ ದುರ್ಗಯ್ಯ ಚಾಲೂ ಮಾಡಿದ. ಇಷ್ಟೇ ಗೊತ್ತು.

ಮಾಲೀಕ ಈರಣ್ಣ ಪಕ್ಕಕ್ಕೆ ಕರೆದ. ‘ಆ ದುರ್ಗನ್ನ ಅವತ್ತೇ ಗೇಟಿಂದ ಆಚೆ ಹಾಕಿವ್ನಿ ಸಾರ್. ಮಾರ್ಚ್ ನಾಕಕ್ಕೆ ಸುರಕ್ಷತಾ ದಿನ ಮಾಡ್ತೀವಿ. ಕೆಲಸಗಾರರಿಗೆ ತರಬೇತಿ. ಇನ್‌ಸ್ಪೆಕ್ಟರ್ ಬತ್ತಾರೆ. ನೀವೇ ಮಾತಾಡ್ಬೇಕು.’

‘ಇಲ್ಲಿಯವರೆಗೆ ಏನು ತರಬೇತಿ ಕೊಟ್ಟಿದ್ದೀರಿ?’

‘ಗೋಡೆ ಮ್ಯಾಲೆ ಬರೆಸಿದೀವಲ್ಲ ಸಾರ್.’

ನೋಡಿದೆ. ‘ಸುರಕ್ಷತೆ ಮೊದಲು.’ ಬಣ್ಣ ಇನ್ನೂ ಹಸಿ.

೧೨-೨, ಶನಿವಾರ. ಸಂಜೆ

ದುರ್ಗಯ್ಯ ಬಂದಿದ್ದ. ಬಸವರಾಜುವಿನೊಡನೆ ಒಂದೇ ಬೆಂಚಿನಲ್ಲಿ ಓದಿದವನು. ಈ ಮನೆಯ ಒಲೆಯ ಮುಂದೆ ಕುಳಿತು ರಾಗಿರೊಟ್ಟಿ ತಿಂದವನು. ಇಂದು ಗೇಟಿನಾಚೆಯೇ ಚಪ್ಪಲಿ ಕಳಚಿ ನಿಂತ. ನಾನೂ ಒಳಗೆ ಕರೆಯಲಿಲ್ಲ.

‘ಯಾಕೆ ಚಾಲೂ ಮಾಡಿದೆ?’

‘ಬುಡು ಅಂದ, ದೊಡ್ಡಪ್ಪ. ಬುಟ್ಟೆ.’

‘ಯಂತ್ರದೊಳಗೆ ಕೈಯಿಟ್ಟವನು ಕರೆಂಟು ಬಿಡು ಎನ್ನುತ್ತಾನೆಯೇ?’

‘ಮಟ್ಟೆ ರಾಶಿ ಅಡ್ಡ ಇತ್ತು. ಅವ್ನು ಕಾಣ್ಲಿಲ್ಲ. ಬುಡು ಅಂದಿದ್ದು ಕೇಳುಸ್ತು. ಆಯ್ತು ಅಂತಾವ್ನೆ ಅನ್ಕಂಡೆ.’

‘ಅಂದರೆ ತನ್ನನ್ನು ಕೊಲ್ಲಲು ಅವನೇ ಅಪ್ಪಣೆ ಕೊಟ್ಟ. ಅದು ತಾನೇ ನಿನ್ನ ವಾದ?’

ಕಾಲೇಜಿನ ಚರ್ಚಾಕೂಟಗಳಲ್ಲಿ ನಾನು ಗೆದ್ದದ್ದೆಲ್ಲ ಹೀಗೆಯೇ — ಎದುರಾಳಿಯ ವಾಕ್ಯವನ್ನು ಅವನ ಕಡೆಗೇ ತಿರುಗಿಸಿ. ಇಂದೂ ಗೆದ್ದೆ. ಚಪ್ಪಾಳೆ ತಟ್ಟುವವರಿರಲಿಲ್ಲ.

ಒಳಗಿನಿಂದ ನನ್ನ ಹೆಂಡತಿ ಪುಟ್ಟಗೌರಮ್ಮ: ‘ಕಳ್ಸಿ ಅವನ್ನ. ಆ ದನಿ ನನ್ ಕಿವಿಗೆ ಬೀಳೋದು ಬ್ಯಾಡ.’

ಹೋದ. ಬರಿಗಾಲಿನಲ್ಲಿ. ಚಪ್ಪಲಿ ಗೇಟಿನ ಬಳಿಯೇ ಉಳಿದಿವೆ.

೨೪-೨, ಗುರುವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ. ತೋಟ, ನೀರು, ಊಟ. ಎರಡು ತಟ್ಟೆ.

ಇಂದು ನಡೆದದ್ದನ್ನು ಸರಿಯಾಗಿ ಬರೆದಿಡಬೇಕು.

ಪಂಪಿನ ಪೈಪಿಗೆ ಕಸ ಕಟ್ಟಿತ್ತು. ನಾನು ಪಂಪ್‌ಹೌಸಿನೊಳಗೆ, ಸ್ಟಾರ್ಟರ್ ಮುಂದೆ. ತೊಟ್ಟಿಯ ಹತ್ತಿರ ಪುಟ್ಟಗೌರಮ್ಮ, ಪೈಪಿನ ಬಾಯಿಗೆ ಕೈಹಾಕಿ ಸೋಗೆಯ ಚೂರು ಎಳೆಯುತ್ತಿದ್ದಳು. ನಡುವೆ ಗೋಡೆ. ‘ಬುಡು’ ಎಂದದ್ದು ಕೇಳಿಸಿತು. ಹಸಿರು ಗುಂಡಿ ಒತ್ತಿದೆ.

ಕೂಗು. ಓಡಿದೆ. ಕೆಸರು ನೀರು ಮುಖಕ್ಕೆ ಹೊಡೆದು ಹಿಂದಕ್ಕೆ ಕುಕ್ಕರಿಸಿದ್ದಳು. ಏನೂ ಆಗಿರಲಿಲ್ಲ. ಪಕ್ಕದಲ್ಲಿ ಕೆಲಸದ ಭೈರಮ್ಮ ಬಾಯಿಗೆ ಸೆರಗು ಒತ್ತಿ ನಿಂತಿದ್ದಳು.

‘ನಿಮ್ ಕಿವಿಗೇನಾಗೈತೆ? ನಾನ್ ತಗೀಲಾ ಅವ್ವಾ ಅಂದ್ಲು. ಬುಡು, ನಾನೇ ತಗೀತೀನಿ ಅಂದೆ. ಅವ್ಳಿಗ್ ಹೇಳಿದ್ದು ಕಣ್ರೀ, ನಿಮ್ಗಲ್ಲ. ನಿಮ್ಗಾದ್ರೆ ಬುಡಿ ಅಂತಿರ್ನಿಲ್ವಾ?’

ಭೈರಮ್ಮ: ‘ಹೆಂಡ್ರಿಗೆ ತಲೆ ಮ್ಯಾಲೆ ನೀರುಯ್ಯಕ್ಕೆ ಅಯ್ನೋರು ಯುಗಾದಿ ಗಂಟ ಕಾಯ್ನಿಲ್ಲ.’

ಪುಟ್ಟಗೌರಮ್ಮ ನಕ್ಕಳು. ಈ ತಿಂಗಳಲ್ಲಿ ಮೊದಲ ಸಲ. ನನ್ನ ಮುಖ ನೋಡಿ ನಿಲ್ಲಿಸಿದಳು.

ಪಂಪ್‌ಹೌಸಿಗೆ ಹೋಗಿ ಕೆಂಪು ಗುಂಡಿ ಒತ್ತಿದೆ. ನೀರು ಬುಡು, ಕರೆಂಟು ಬುಡು — ಚಾಲೂ ಮಾಡು. ಬುಡು, ನಾನೇ ಮಾಡ್ತೀನಿ — ಮುಟ್ಟಬೇಡ. ಒಂದೇ ಬಾಯಿ, ಒಂದೇ ಮಾತು. ಚರ್ಚೆಗೆ ಮೊದಲು ಶಬ್ದದ ಅರ್ಥವನ್ನು ನಿಗದಿಪಡಿಸಿಕೊಳ್ಳಬೇಕೆಂದು ನಾನು ವೇದಿಕೆಯ ಮೇಲೆ ಎಷ್ಟು ಸಲ...

೨೬-೨, ಶನಿವಾರ

ಮಿಲ್ಲಿಗೆ ಹೋದೆ. ಯಂತ್ರಕ್ಕೆ ಮಟ್ಟೆ ಒಡ್ಡುವ ನಿಂಗಮ್ಮನನ್ನು ಕೇಳಿದೆ. ಆ ದಿನ ಬಸವರಾಜುವಿನ ಪಕ್ಕದಲ್ಲಿದ್ದವಳು ಅವಳೊಬ್ಬಳೇ.

‘ನಾರು ಬಿಗಿಯಾಗಿ ಸುತ್ಕಂಡಿತ್ತು ಸ್ವಾಮಿ. ಕುಯ್ಯಕ್ಕೆ ಕುಡ್ಲು ಕೊಡ್ಲಾ ಬಸಣ್ಣ ಅಂದೆ. ಬುಡು ನಿಂಗಕ್ಕ, ಕೈಯಾಗೇ ಕಿತ್ಕತೀನಿ ಅಂದ...’

‘ಇದನ್ನು ಯಾರಿಗೂ ಯಾಕೆ ಹೇಳಲಿಲ್ಲ?’

‘ಯಾರೂ ಕೇಳ್ನಿಲ್ವಲ್ಲ ಸ್ವಾಮಿ.’

ನಾನೂ ಕೇಳಿರಲಿಲ್ಲ. ನನಗೆ ಕಾರಣ ಬೇಕೆಂದವನು.

೩-೩, ಗುರುವಾರ

ಈರಣ್ಣ ಮನೆಗೇ ಬಂದ. ಎಲ್ಲವನ್ನೂ ವಿವರಿಸಿದೆ. ದುರ್ಗಯ್ಯನನ್ನು ಮತ್ತೆ ಕೆಲಸಕ್ಕೆ ಕರೆಯಬೇಕೆಂದೆ.

‘ಅದೆಲ್ಲ ಯಾಕ್ ಬುಡಿ ಸಾರ್. ಕೈಗವಸು, ಬೂಟು ಅಂತ ನಾಕ್ ಮಾತಾಡಿ. ತಪ್ಪು ದುರ್ಗಂದೇ ಅಂತ ಇನ್‌ಸ್ಪೆಕ್ಟರ್ ಮುಂದೆ ನಿಮ್ ಬಾಯಲ್ಲಿ ಒಂದು ಮಾತು ಬರ್ಲಿ. ಹೆತ್ತ ತಂದೆ ಹೇಳಿದ್ ಮ್ಯಾಲೆ ಕೇಸು ಅವನ ತಲೆಗೇ. ಮಿಲ್ಲು ಉಳೀತದೆ.’

ಅವನೂ ‘ಬುಡಿ’ ಎಂದ. ಅದಕ್ಕೆ ಮೂರನೆಯ ಅರ್ಥ.

ಅವನು ಹೋದ ಮೇಲೆ ಪುಟ್ಟಗೌರಮ್ಮನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

‘ಅರ್ಥ ಆಯ್ತು. ಆದ್ರೆ ಗುಂಡಿ ಒತ್ತಿದ್ದು ಅವನ ಕೈಯೇ ಅಲ್ವಾ?’

‘ನಿನ್ನ ಮೇಲೆ ನೀರು ಬಿಟ್ಟದ್ದು ನನ್ನ ಕೈ.’

‘ನಾನ್ ಬದುಕಿವ್ನಿ.’



೪-೩, ಶುಕ್ರವಾರ. ಬೆಳಿಗ್ಗೆ ೭

ಸಭೆ ಹತ್ತಕ್ಕೆ. ಮಾತನ್ನು ಇಲ್ಲಿಯೇ ಕಟ್ಟಿಕೊಳ್ಳುತ್ತೇನೆ.

‘ಸೇರಿದ ಎಲ್ಲರಿಗೂ ವಂದನೆಗಳು. ಇನ್‌ಸ್ಪೆಕ್ಟರ್ ಸಾಹೇಬರು ದಯವಿಟ್ಟು ಗಮನಿಸಬೇಕು. ನನ್ನ ಮಗ ಬುಡು ಎಂದದ್ದು ನಿಂಗಮ್ಮನಿಗೆ. ದುರ್ಗಯ್ಯ ಅದನ್ನು ತನಗೆ ಎಂದುಕೊಂಡ. ಆಡಿದವನೂ ತಪ್ಪಲಿಲ್ಲ, ಕೇಳಿದವನೂ ತಪ್ಪಲಿಲ್ಲ. ಒಬ್ಬನ ಕೈ ಒಳಗಿರುವಾಗ ಇನ್ನೊಬ್ಬ ಯಾವ ಮಾತಿಗೆ ಕಾಯಬೇಕೆಂದು ಈ ಮಿಲ್ಲು ಯಾರಿಗೂ ಕಲಿಸಿರಲಿಲ್ಲ. ತಪ್ಪು ಅಲ್ಲಿದೆ.

‘ಇಂದಿನ ಪಾಠ ಚಿಕ್ಕದು. ಈ ಷೆಡ್ಡಿನೊಳಗೆ ಇನ್ನು ಬುಡು ಎಂಬ ಮಾತಿಲ್ಲ. ಒಳಗೆ ಕೈಯಿಡುವವನು ಫ್ಯೂಸು ಕಿತ್ತು ತನ್ನ ಜೇಬಿಗೆ ಹಾಕಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ಅದನ್ನು ಮತ್ತೆ ಸಿಕ್ಕಿಸುವವನೂ ಅವನೇ. ಬಾಯಿಮಾತಿಗೆ ಇಲ್ಲಿ ಜಾಗವಿಲ್ಲ. ಆದ್ದರಿಂದ ಇದನ್ನು ಹೇಳಿ ಮುಗಿಸುವುದಿಲ್ಲ; ಮಾಡಿ ತೋರಿಸುತ್ತೇನೆ.’

ಗೇಟಿನ ಬಳಿಯ ಚಪ್ಪಲಿಗಳ ಧೂಳು ಕೊಡವಿ ಚೀಲಕ್ಕೆ ಹಾಕಿಕೊಂಡೆ. ದಾರಿಯಲ್ಲಿ ದುರ್ಗಯ್ಯನ ಮನೆ. ಕರೆದುಕೊಂಡೇ ಹೋಗಬೇಕು.

ಪುಟ್ಟಗೌರಮ್ಮ ಕಾಫಿ ತಂದಿಟ್ಟಳು. ‘ಚೀಲದಾಗೇನು?’ ಎಂದಳು. ಹೇಳಲಿಲ್ಲ. ಅವಳನ್ನು ಕೇಳಿದ್ದರೆ ಬೇಡವೆನ್ನುತ್ತಿದ್ದಳು. ಇದು ನಾನೊಬ್ಬನೇ ಮಾಡಿದ ತೀರ್ಮಾನ. ಫ್ಯೂಸು ನನ್ನ ಜೇಬಿನಲ್ಲಿರುತ್ತದೆ. ಸ್ಟಾರ್ಟರ್ ಬಳಿ ದುರ್ಗಯ್ಯನೇ, ಬೇರೆ ಯಾರೂ ಅಲ್ಲ. ಎಲ್ಲರ ಕಣ್ಣೆದುರು ಆ ಡ್ರಮ್ಮಿನೊಳಗೆ ಕೈಯಿಡುವವನು ನಾನು.