ಟವೆಲ್ ಹಿಡಿದು ನಿಂತ ಅಮ್ಮ

ಅಣ್ಣಾ,

ನಾಡಿದ್ದು ಕಮಾಂಡೊ ಪಡೆಯ ಆಯ್ಕೆಗೆ ಹೊರಡುತ್ತಿದ್ದೇನೆ. ನೀನು ಹೋಗಿ ವಾಪಸು ಬಾರದ ಅದೇ ಆಯ್ಕೆಗೆ. ಬೆನ್ನಚೀಲವೂ ನಿನ್ನದೇ. ಅದರಲ್ಲಿ ಮರಳು ತುಂಬಿ ಹೊತ್ತು ಹೊತ್ತು ಹೆಗಲ ಚರ್ಮ ಕಿತ್ತುಬಂದಿದೆ. ಮುಲಾಮು ಹಚ್ಚುವಾಗ ಅಮ್ಮ ಬೈಯುವುದೇ ಇಲ್ಲ, ಅದೇ ನನಗೆ ದಿಗಿಲು.

ಇವತ್ತು ಬೆಳಗ್ಗೆ ಚಳಿ ತಡೆಯುವ ಅಭ್ಯಾಸಕ್ಕೆಂದು ಹಿತ್ತಲಿನ ಡ್ರಮ್ಮಿನ ನೀರಿಗೆ ಐಸ್ ಸುರಿದು, ಕುತ್ತಿಗೆಯವರೆಗೆ ಮುಳುಗಿ ಕೂತಿದ್ದೆ. ಅಮ್ಮ ಟವೆಲ್ ಹಿಡಿದು ಎದುರಿಗೆ ಬಂದು ನಿಂತಳು.

"ಸಾಕು ಅನ್ನು, ಕೊಡ್ತೀನಿ."

"ಆಟ ಆಡ್ಬೇಡಮ್ಮಾ. ಅಲ್ಲಿ ಸಾಕು ಅಂದ್ರೆ ಮನೆಗೆ ಕಳಿಸಿಬಿಡ್ತಾರೆ."

"ಅದಕ್ಕೇ ಕಲಿ ಅಂತಿರೋದು. ಮಿಕ್ಕಿದ್ದೆಲ್ಲ ಕಲ್ತಿದೀಯಲ್ಲ."

ನಕ್ಕೆ. ಸ್ವಲ್ಪ ಹೊತ್ತಿಗೆ ಹಲ್ಲು ಕಟಕಟ ಅನ್ನತೊಡಗಿತು, ಬೆರಳುಗಳು ನನ್ನವೇ ಅಲ್ಲ ಅನ್ನಿಸಿತು. ಆಗ ನಿಜಕ್ಕೂ ಹೇಳಿಬಿಡೋಣ ಅಂದುಕೊಂಡೆ. ಒಂದೇ ಮಾತು, ಅದೂ ಅಮ್ಮನ ಮುಂದೆ, ನಮ್ಮದೇ ಹಿತ್ತಲಿನಲ್ಲಿ. ಬಾಯಿ ತೆರೆದೆ, ಮಾತು ಹೊರಡಲಿಲ್ಲ.

ಬಿಸಿಲಲ್ಲಿ ಓಡುತ್ತಲೇ ಕುಸಿದೆಯಂತೆ ನೀನು. ಕೊನೆಯವರೆಗೂ ತುಟಿ ಪಿಟಕ್ಕೆನ್ನಲಿಲ್ಲ ಎಂದು ಸುದ್ದಿ ತಂದ ಅಧಿಕಾರಿ ಹೊಗಳಿದ್ದರು. ಅಮ್ಮ ಅವರಿಗೆ ಕೂತ್ಕೊಳ್ಳಿ ಅಂತಲೂ ಅನ್ನಲಿಲ್ಲ.

ಇವತ್ತು ನನ್ನ ತುಟಿಯನ್ನೇ ನೋಡುತ್ತ ನಿಂತಿದ್ದಳು. ಕಡೆಗೆ ಅವಳೇ, "ಸಾಕು, ಏಳೋ" ಎಂದು ಟವೆಲ್ ಹೊದಿಸಿ, ಮಗುವಿಗೆ ಒರೆಸುವಂತೆ ತಲೆಯನ್ನು ಗಸಗಸ ಒರೆಸಿದಳು.

"ನಾಳೆ ಇನ್ನೊಂದ್ಸಲ ಕೂತ್ಕೋ. ನಾನೂ ಟವೆಲ್ ಹಿಡ್ಕೊಂಡು ಬರ್ತೀನಿ."

ನಮಗೆ ಉಳಿದಿರುವುದು ನಾಳೆ ಒಂದೇ, ಅಣ್ಣಾ.